ಲಿಸ್ಬನ್‌ನಲ್ಲಿ ನಮ್ಮ ಕಡೆಯ ವಕೀಲ

ಹರಿಹರ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪರದೇಶ ಕಂಡವರು ಬರೆದದ್ದನ್ನು ಓದಿದರೆ ಎಲ್ಲರೂ ಸಮುದ್ರ ನೋಡಿ ಮೈಮರೆತವರೇ, ಹೆಸರು ಗೊತ್ತಿಲ್ಲದ ತಿಂಡಿ ತಿಂದು ಬೆರಳು ಚೀಪಿದವರೇ. ನಾನು ಪೋರ್ಚುಗಲ್‌ಗೆ ಬಂದ ಮೇಲೆ ಮೊದಲ ಎರಡು ತಿಂಗಳು ಮಾಡಿದ್ದು ಒಂದೇ ಕೆಲಸ, ಹೆದರಿದ್ದು. ಹಾಗಾಗಿ ಇಲ್ಲಿ ಚರ್ಚುಗಳ ವರ್ಣನೆ ಇಲ್ಲ, ವಕೀಲರ ವಿಷಯವೇ ಜಾಸ್ತಿ.

ನನ್ನ ಗಂಡ ಜಬೀವುಲ್ಲಾ ಗುತ್ತೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತು ಇಪ್ಪತ್ತೆರಡು ವರ್ಷ ಕಳೆದವರು. ಅದು ಬಾಗಿಲು ಹಾಕಿದಾಗ, ಪ್ಲಾಸ್ಟಿಕ್ ಸಾಮಾನಿಗೆ ಉಕ್ಕಿನ ಅಚ್ಚು ಮಾಡುವ ಪೋರ್ಚುಗಲ್‌ನ ಒಂದು ಕಂಪನಿ ಇವರ ಕೆಲಸದ ವಿಡಿಯೋ ನೋಡಿ ಕರೆಸಿಕೊಂಡಿತು. ಇವರು ಹೋಗಿ ಒಂದು ವರ್ಷವಾದ ಮೇಲೆ ನನಗೂ ವೀಸಾ ಬಂತು. ಭಾನುವಳ್ಳಿಯ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ರಾಜೀನಾಮೆ ಕೊಟ್ಟೆ. ಹರಿಹರದ ಬಾಡಿಗೆ ಮನೆ ಖಾಲಿ ಮಾಡಿದೆ. ವೀಸಾ ನಾಲ್ಕು ತಿಂಗಳದ್ದು. ಅಷ್ಟರೊಳಗೆ ಅಲ್ಲಿನ ಕಚೇರಿಯಲ್ಲಿ ಪಾಸ್‌ಪೋರ್ಟ್ ತೋರಿಸಿ, ಗಂಡನ ಜೊತೆ ವಾಸ ಮಾಡುವ ಕಾರ್ಡಿಗೆ ಅರ್ಜಿ ಒಪ್ಪಿಸಬೇಕು. ತಪ್ಪಿದರೆ ನಾನು ವಾಪಸ್, ಅವರು ಅಲ್ಲೇ. ಒಂದು ವರ್ಷ ಒಬ್ಬಳೇ ಉಂಡು ಮಲಗಿದವಳಿಗೆ ನಿದ್ದೆಗೆಡಲು ಅಷ್ಟು ಸಾಕಿತ್ತು.

ಹೊರಡುವ ವಾರ ವಕೀಲ ಚನ್ನಬಸಪ್ಪನವರ ಮನೆಗೆ ಹೇಳಿಬರಲು ಹೋದೆ. ನಮ್ಮ ಅಬ್ಬಾ ಹರಿಹರದಲ್ಲಿ ಗಾದಿ ಹೊಲಿಯುತ್ತಿದ್ದರು. ಪಕ್ಕದ ಅಂಗಡಿಯವರ ಜೊತೆ ಒಂದು ಗೋಡೆಯ ಸಲುವಾಗಿ ಹದಿನಾರು ವರ್ಷ ಕೋರ್ಟಿಗೆ ಅಲೆದರು. ಅಷ್ಟೂ ವರ್ಷ ಚನ್ನಬಸಪ್ಪನವರೇ ವಕೀಲರು. ಅವರು ವಕಾಲತ್ತಿನ ಜೊತೆಗೆ ನಾಲ್ಕಾರು ಖಾಲಿ ಹಾಳೆಗಳನ್ನೂ ಅಬ್ಬಾನ ಮುಂದೆ ಇಡುತ್ತಿದ್ದರು, ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನ ಒಂದು ಗುರುತು. ಪದೇಪದೇ ಬರುವ ತಾಪತ್ರಯ ತಪ್ಪಲಿ ಎಂದು. ಅಬ್ಬಾ ಹತ್ತಿ ಅಂಟಿದ ಕೈಯಲ್ಲೇ ಸಹಿ ಮಾಡಿ, ಸಲಾಂ ಹೇಳಿ ಬರುತ್ತಿದ್ದರು. ಓದಿ ಸಹಿ ಹಾಕುವುದೆಂದರೆ ವಕೀಲರ ಮುಖಕ್ಕೆ ಹೊಡೆದ ಹಾಗೆ. ಮನೆಯ ಮೂಲ ಪತ್ರಗಳೂ ಅವರ ಹತ್ತಿರವೇ ಇದ್ದವು. ಹದಿನಾರು ವರ್ಷದಲ್ಲಿ ಒಂದು ಚೀಟಿ ಆಚೀಚೆ ಆಗಲಿಲ್ಲ.

"ಅಲ್ಲಿ ಮೊದ್ಲು ಒಬ್ರು ನಂಬಿಗಸ್ತ ವಕೀಲ್ರನ್ನ ಹಿಡ್ಕೋ ಶಾಹಿದಮ್ಮ," ಎಂದರು ಚನ್ನಬಸಪ್ಪನವರು. "ಊರು ಬದಲಾದ್ರೆ ಕಾನೂನೂ ಬದಲು. ನೀನೇ ಎಲ್ಲಾ ಮಾಡ್ಕೊಳ್ತೀನಿ ಅನ್ನಬ್ಯಾಡ."

"ನಂಬಿಗಸ್ತರು ಅಂತ ಹೆಂಗ್ ಗೊತ್ತಾಗ್ತೈತ್ರಿ ವಕೀಲ್ರೇ?"

"ನಿಮ್ಮಪ್ಪಗೆ ಹೆಂಗ್ ಗೊತ್ತಾತು?" ಎಂದು ನಕ್ಕರು. ಉತ್ತರ ನನಗೆ ಗೊತ್ತಿದೆ ಅಂದುಕೊಂಡು ನಾನೂ ನಕ್ಕು ಎದ್ದು ಬಂದೆ.

ಮರಿನ್ಯಾ ಗ್ರಾಂದೆ

ನನ್ನ ಗಂಡ ಇರುವ ಊರಿನ ಹೆಸರು ಇದು. ಲಿಸ್ಬನ್ನಿಂದ ಬಸ್ಸಿನಲ್ಲಿ ಎರಡು ಗಂಟೆ. ಬಂದ ಸಂಜೆ ಇವರ ಅಂಗಿ ಒಗೆಯಲು ಎತ್ತಿಕೊಂಡರೆ ಲೇತಿಗೆ ಹಾಕುವ ಎಣ್ಣೆಯ, ಗುತ್ತೂರಿನದೇ ಕಟಿಂಗ್ ಆಯಿಲ್ ವಾಸನೆ. ಅದನ್ನು ಮೂಗಿಗೆ ಹಿಡಿದು ಸ್ವಲ್ಪ ಅತ್ತೆ. ಸಂತೋಷಕ್ಕೇ ಅತ್ತೆ ಅಂತ ಇಟ್ಟುಕೊಳ್ಳಿ.

ಇಲ್ಲಿಯ ಜನ ಅಂಗಡಿಯ ಹೊಸ್ತಿಲು ದಾಟಿದ ತಕ್ಷಣ, ಒಳಗೆ ಯಾರಿದ್ದರೂ ಇಲ್ಲದಿದ್ದರೂ, ಒಮ್ಮೆ ನಮಸ್ಕಾರ ಹೇಳುತ್ತಾರೆ. ಆಮೇಲೆ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ನಾಯಿಗಳು ಹೋಟೆಲಿನೊಳಗೆ ಯಜಮಾನರ ಕಾಲಬುಡದಲ್ಲಿ ಮಲಗಿರುತ್ತವೆ, ಅವೂ ಮಾತಾಡುವುದಿಲ್ಲ. ಎರಡನೆಯ ದಿನ ಬ್ರೆಡ್ ತರಲು ಬೇಕರಿಗೆ ಹೋದೆ. ಅರ್ಧ ಗಂಟೆ ನಿಂತರೂ ಕೌಂಟರಿನ ಹೆಂಗಸು ನನ್ನ ಕಡೆ ನೋಡಲಿಲ್ಲ. ನನ್ನ ಹಿಂದೆ ಬಂದವರೆಲ್ಲ ತೆಗೆದುಕೊಂಡು ಹೋದರು. ತಲೆಯ ಮೇಲಿನ ಬಟ್ಟೆ ನೋಡಿಯೇ ಹೀಗೆ ಮಾಡುತ್ತಿದ್ದಾರೆ ಅಂದುಕೊಂಡೆ. ಕೊನೆಗೆ ಒಬ್ಬ ಮುದುಕ ಗೋಡೆಯ ಮೇಲಿನ ಡಬ್ಬಿಯಿಂದ ನಂಬರ್ ಚೀಟಿ ಹರಿದು ನನ್ನ ಕೈಯಲ್ಲಿಟ್ಟ. ಇಲ್ಲಿ ಬ್ರೆಡ್ಡಿಗೂ ಮೀನಿಗೂ ಔಷಧಿಗೂ ನಂಬರ್ ಚೀಟಿ. ನಂಬರ್ ಇಲ್ಲದವರು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಿ ಇಂಥ ಡಬ್ಬಿ ಇಟ್ಟರೆ ಚೀಟಿಯ ರೋಲನ್ನೇ ಯಾರಾದರೂ ಮನೆಗೆ ಒಯ್ದಾರು ಎಂದು ಇವರಿಗೆ ಹೇಳಿ ನಗಿಸಿದೆ. ನಗುವಾಗಲೂ ಒಳಗೆ ಅಂಜಿಕೆ ಇತ್ತು. ಕಾರ್ಡಿನ ಕಚೇರಿಯಲ್ಲಿ ನನಗೆ ಕೊಟ್ಟಿದ್ದ ದಿನಕ್ಕೆ ಇನ್ನು ಏಳು ವಾರ ಇತ್ತು. ಆ ದಿನ ಒಂದು ಕಾಗದ ಕಡಿಮೆಯಾದರೂ ಮತ್ತೆ ಸರದಿ ಯಾವಾಗ ಬರುತ್ತದೋ ಹೇಳುವವರಿಲ್ಲ ಎಂದು ಇವರ ಜೊತೆ ಕೆಲಸ ಮಾಡುವವರೆಲ್ಲ ಹೇಳುತ್ತಿದ್ದರು.

ಲಿಸ್ಬನ್, ಮೂರನೆಯ ಮಹಡಿ

ಫ್ಯಾಕ್ಟರಿಯವರು ಒಬ್ಬ ವಕೀಲೆಯ ವಿಳಾಸ ಕೊಟ್ಟಿದ್ದರು. ಇವರು ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋದರು. ಲಿಸ್ಬನ್ನಿನ ಬೀದಿಗಳು ಏಣಿ ಒರಗಿಸಿದಂತೆ ನಿಂತಿವೆ. ಮೂರು ಮಹಡಿ, ಲಿಫ್ಟ್ ಇಲ್ಲ. ಹರಿಹರದ ಹೊಳೆ ಸೇತುವೆಯನ್ನು ದಿನಾ ನಡೆದು ದಾಟಿದವಳು ನಾನು, ಆದರೂ ಆ ಮೆಟ್ಟಿಲ ಮೇಲೆ ಎರಡು ಸಲ ಕೂತೆ.

ವಕೀಲೆಯ ಹೆಸರು ತೆರೆಜಾ. ಇಲ್ಲಿ ವಕೀಲರನ್ನು ಡಾಕ್ಟರರ ಹಾಗೆ 'ದೊತೊರಾ' ಎಂದೇ ಕರೆಯಬೇಕು. ಐವತ್ತು ದಾಟಿದ ಹೆಂಗಸು, ನಗು ಎಂಬುದು ಇಲ್ಲ. ನೀರು ಕುಡಿಯಿರಿ ಅನ್ನಲಿಲ್ಲ, ಊರು ಯಾವುದು, ಮಕ್ಕಳೆಷ್ಟು ಅನ್ನಲಿಲ್ಲ. ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು ಝೆರಾಕ್ಸ್ ಮಾಡಿ, ನಾನು ಬ್ಯಾಗಿನ ಜಿಪ್ ಹಾಕುವುದರೊಳಗೆ ವಾಪಸ್ ಕೊಟ್ಟಳು. ಆಮೇಲೆ ತನ್ನ ಫೋಟೋ ಮತ್ತು ನಂಬರ್ ಇರುವ ಒಂದು ಕಾರ್ಡು ಮೇಜಿನ ಮೇಲಿಟ್ಟು, "ಈ ನಂಬರನ್ನು ನೀವೇ ಫೋನಿನಲ್ಲಿ ಹುಡುಕಿ. ವಕೀಲರ ಪಟ್ಟಿಯಲ್ಲಿ ನನ್ನ ಹೆಸರು ಇದೆಯೋ ಇಲ್ಲವೋ ನೋಡಿ," ಎಂದು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದಳು. ತಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಎಂದು ಬರೆದ ನಾಲ್ಕು ಪುಟದ ಕಾಗದ ಕೊಟ್ಟಳು. ನಾನು ಪೆನ್ನು ತೆಗೆದೆ. ಆಕೆ ಕಾಗದದ ಮೇಲೆ ಅಂಗೈ ಅಡ್ಡ ಇಟ್ಟಳು.

"ಇವತ್ತು ಬೇಡ. ಮನೆಗೆ ಒಯ್ದು ಓದಿ. ಅರ್ಥವಾಗದ ಕಡೆ ಗೆರೆ ಎಳೆದು ತನ್ನಿ."

ನನಗೆ ಅವಮಾನವಾಯಿತು. ನಿಜ ಹೇಳುತ್ತೇನೆ, ಕಪಾಳಕ್ಕೆ ಹೊಡೆದಂತೆ ಅನಿಸಿತು. ಬಸ್ಸಿನಲ್ಲಿ ಇವರ ಜೊತೆ ಜಗಳ ತೆಗೆದೆ.

"ಸಹಿ ಬ್ಯಾಡ ಅನ್ನೋಳು ವಕೀಲೆ ಹೆಂಗಾಗ್ತಾಳ್ರಿ?"

"ಓದಿ ಹಾಕು ಅಂದ್ರು. ಅದ್ರಾಗೆ ತಪ್ಪೇನೈತೆ?" ಎಂದರು ಇವರು.

"ಪಾಸ್‌ಪೋರ್ಟ್ ಬಿಸಿ ಕೆಂಡ ಮುಟ್ಟಿದಂಗೆ ವಾಪಸ್ ಕೊಟ್ಲು. ತನ್ನ ಕಾರ್ಡು ತಾನೇ ತೋರಿಸ್ತಾಳೆ. ನಮ್ಮ ಚನ್ನಬಸಪ್ಪನೋರು ಯಾವತ್ತಾದ್ರೂ ನಾನು ವಕೀಲ, ಪಟ್ಟಿ ನೋಡ್ರಿ ಅಂದಿದ್ರಾ? ಖರೇ ಇದ್ದೋರಿಗೆ ತೋರಿಸೋ ಗರಜು ಇರಂಗಿಲ್ಲ."

ಇವರು ಕಿಟಕಿಯ ಕಡೆ ತಿರುಗಿ ನಿದ್ದೆ ಬಂದವರ ಹಾಗೆ ಕೂತರು. ಆಗಲೇ ನಾನು ಮನಸ್ಸಿನಲ್ಲಿ ಬೇರೆ ವಕೀಲರನ್ನು ಹುಡುಕಲು ಶುರು ಮಾಡಿದ್ದೆ.

ಲಿಸ್ಬನ್, ಅಕ್ಕಿ ಚೀಲಗಳ ಹಿಂದೆ

ಇಲ್ಲಿರುವ ಕನ್ನಡದವರ ವಾಟ್ಸಾಪ್ ಗುಂಪೊಂದಕ್ಕೆ ಯಾರೋ ನನ್ನನ್ನು ಸೇರಿಸಿದ್ದರು. ಅದರಲ್ಲಿ 'ವೀಸಾ, ಕಾರ್ಡು, ಎಲ್ಲಾ ಕಾನೂನು ಕೆಲಸ, ನಮ್ಮ ದಾವಣಗೆರೆ ಕಡೆಯವರಿಗೆ' ಎಂದು ಒಂದು ನಂಬರ್ ಇತ್ತು. ಫೋನ್ ಮಾಡಿದೆ. ಆ ಕಡೆಯಿಂದ, "ಹೇಳ್ರಿ ಅಕ್ಕ, ನಿಮ್ದು ಯಾವೂರು? ಅರ್ಜಿ ತಾರೀಖು ಯಾವಾಗ ಐತೆ?" ಎಂದಿತು ಧ್ವನಿ. ಅಷ್ಟೇ ಸಾಕಾಯಿತು ನನಗೆ. ಇವರು ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಬಸ್ಸು ಹತ್ತಿದೆ. ಜೀವನದಲ್ಲಿ ಅಷ್ಟು ಧೈರ್ಯ ಮಾಡಿದ್ದು ಅದೇ ಮೊದಲು, ಮಾಡಬಾರದ ಕಡೆಯೇ ಮಾಡಿದೆ.

ಆ ಬೀದಿಯಲ್ಲಿ ಕೊತ್ತಂಬರಿ ಸೊಪ್ಪಿನ ವಾಸನೆ, ಉರ್ದು ಬೋರ್ಡುಗಳು, ಬಾಳೆಹಣ್ಣಿನ ಗೊನೆ. ಮೊಬೈಲ್ ರೀಚಾರ್ಜ್ ಮಾಡುವ, ಅಕ್ಕಿ ಬೇಳೆಯನ್ನೂ ಮಾರುವ ಅಂಗಡಿ. ಅಕ್ಕಿ ಚೀಲಗಳ ಹಿಂದೆ ಒಂದು ಪರದೆ, ಪರದೆಯ ಹಿಂದೆ ಮೇಜು, ಎರಡು ಕುರ್ಚಿ, ಪ್ರಿಂಟರ್. ಮೂವತ್ತರ ಆಸುಪಾಸಿನ ಹುಡುಗ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

"ಬರ್ರಿ ಅಕ್ಕ, ಕೂಡ್ರಿ. ನಾನೇ ಸತೀಶ. ಹರಿಹರದಾಗೆ ಎಲ್ಲಿ ನಿಮ್ಮನಿ?"

"ಹೊಳೆ ಸೇತುವೆ ಕಡೆ. ನಿಂದು ಎಲ್ಲಪ್ಪ?"

"ಶಾಮನೂರು ಅಕ್ಕ. ಮಿರ್ಚಿ ಮಂಡಕ್ಕಿ ತಿಂದು ಮೂರು ವರ್ಷ ಆತು."

ಅವನು ಹೊರಗಿನಿಂದ ಚಹಾ ತರಿಸಿದ. ಶಾಮನೂರಿನ ಹೊಸ ಲೇಔಟುಗಳ ವಿಷಯ, ಭಾನುವಳ್ಳಿ ಬಸ್ಸಿನ ನೂಕುನುಗ್ಗಲಿನ ವಿಷಯ ಮಾತಾಡಿದೆವು. ವಕೀಲರು ಎಲ್ಲಿ ಎಂದು ಕೇಳಿದೆ. "ಲಾಯರ್ರು ಹೊರಗೆ ಹೋಗ್ಯಾರೆ. ನಾನು ಅವ್ರ ಕೈಕೆಳಗೇ ಅದೀನಿ. ದಾವಣಗೆರಿಯಾಗೆ ನಾನೂ ಒಂದು ವರ್ಷ ಲಾ ಓದೀನಿ," ಎಂದ. ನಾನು ಪಾಸ್‌ಪೋರ್ಟ್ ಕೊಟ್ಟೆ. ಅವನು ಅದನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದ. ಆಹಾ, ಎಷ್ಟು ಜವಾಬ್ದಾರಿ ಅನಿಸಿತು.

"ನೀವು ಅಷ್ಟು ದೂರದಿಂದ ಪ್ರತೀ ಸರಿ ಬರೋದು ಬ್ಯಾಡ ಅಕ್ಕ. ನಾಕು ಹಾಳಿಗೆ ಸಹಿ ಮಾಡಿ ಕೊಟ್ಟು ಹೋಗಿಬಿಡ್ರಿ, ಮುಂದಿಂದು ನಾವು ನೋಡ್ಕೊಳ್ತೀವಿ."

ನಾಲ್ಕು ಖಾಲಿ ಬಿಳಿ ಹಾಳೆ. ಕೆಳಗೆ, ಬಲಗಡೆ, ಪೆನ್ಸಿಲಿನ ಗುರುತು. ಅದನ್ನು ನೋಡಿ ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಕಣ್ಣು ತುಂಬಿತು. ನಾಲ್ಕಕ್ಕೂ ಸಹಿ ಮಾಡಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಊರು ಬಿಟ್ಟ ಮೇಲೆ ಮೊದಲ ಸಲ ಗಾಢವಾಗಿ ನಿದ್ದೆ ಮಾಡಿದೆ.

ಹನ್ನೊಂದು ದಿನ

ಮೂರು ದಿನ ಸತೀಶ ಫೋನ್ ಎತ್ತಿದ. "ನಡೆದೈತೆ ಅಕ್ಕ, ಯಾಕ ಹೆದರ್ತೀರಿ?" ಎಂದ. ನಾಲ್ಕನೆಯ ದಿನ ಎತ್ತಲಿಲ್ಲ. ಐದನೆಯ ದಿನವೂ ಇಲ್ಲ. ಆಮೇಲೆ ಫೋನು ಪೋರ್ಚುಗೀಸ್ ಭಾಷೆಯಲ್ಲಿ ಏನೋ ಹೇಳಿ ಕಟ್ಟಾಗುತ್ತಿತ್ತು. ಏನು ಹೇಳುತ್ತಿದೆ ಎಂದು ಯಾರನ್ನು ಕೇಳಲಿ? ಕೇಳಿದರೆ ಇವರಿಗೆ ಗೊತ್ತಾಗುತ್ತದೆ.

ಹೆದರಿಕೆ ಎಂದರೆ ಏನು ಎಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ನಾಯಿಗೆ ಹೆದರಿದ್ದೇನೆ, ಇನ್‌ಸ್ಪೆಕ್ಷನ್ ಬಂದಾಗ ಹೆಡ್‌ಮಾಸ್ಟರರಿಗೆ ಹೆದರಿದ್ದೇನೆ, ವಿಮಾನ ಏರುವಾಗ ಮುಂದಿನ ಸೀಟನ್ನು ತಬ್ಬಿಕೊಂಡಿದ್ದೇನೆ. ಅವೆಲ್ಲ ಕಣ್ಣಿಗೆ ಕಾಣುವ ಹೆದರಿಕೆಗಳು. ಇದು ಹಾಗಲ್ಲ. ಎಲ್ಲೋ ಒಂದು ಕಡೆ ಒಂದು ಹಾಳೆಯ ಕೆಳಗೆ ನನ್ನ ಹೆಸರಿದೆ, ಅದರ ಮೇಲೆ ಯಾರು ಏನು ಬರೆಯುತ್ತಿದ್ದಾರೋ ನನಗೆ ಗೊತ್ತಿಲ್ಲ. ಈ ದೇಶವೇ ಬೇಡ ಎಂದು ಬರೆದಿರಬಹುದು. ಜಬೀವುಲ್ಲಾ ನನ್ನ ಗಂಡನೇ ಅಲ್ಲ ಎಂದೂ ಬರೆದಿರಬಹುದು. ಅನ್ನಕ್ಕೆ ಇಟ್ಟು ಇದೇ ಯೋಚನೆಯಲ್ಲಿ ನಿಂತು ಎರಡು ಸಲ ತಳ ಹಿಡಿಸಿದೆ.

ಶನಿವಾರದ ಸಂತೆಗೆ ಹೋಗಿದ್ದೆ. ಇಬ್ಬರು ಪೊಲೀಸರು ಕಿತ್ತಳೆ ಹಣ್ಣು ಆರಿಸುತ್ತಿದ್ದರು. ತಮ್ಮ ಪಾಡಿಗೆ ಮೂಸಿ ನೋಡಿ ಚೀಲಕ್ಕೆ ಹಾಕುತ್ತಿದ್ದರು, ಅಷ್ಟೇ. ಪಾಸ್‌ಪೋರ್ಟ್ ತೋರಿಸು ಎಂದರೆ ಏನು ಮಾಡಲಿ ಎಂಬುದೊಂದೇ ಯೋಚನೆ. ಕೊಂಡಿದ್ದ ಟೊಮೆಟೊವನ್ನು ಅಲ್ಲೇ ಬಿಟ್ಟು ನಡೆದೆ. ಹಿಂದಿನಿಂದ ಮಾರುವವಳು ಕೂಗುತ್ತಿದ್ದಳು, ನಾನು ಇನ್ನೂ ಜೋರಾಗಿ ನಡೆದೆ. ಕೊನೆಗೆ ಅವಳು ಓಡಿ ಬಂದು ಚೀಲವನ್ನು ನನ್ನ ಕೈಗೆ ತುರುಕಿ, ಎದೆಗೆ ಕೈ ಇಟ್ಟು ಏದುಸಿರು ಬಿಡುತ್ತ ನಕ್ಕಳು. ಪೊಲೀಸರೂ ನಕ್ಕರು. ನಾನು ನಗುವಂತೆ ಹಲ್ಲು ತೋರಿಸಿದೆ.

ಹನ್ನೊಂದನೆಯ ದಿನ ಇವರು ಫ್ಯಾಕ್ಟರಿಯಿಂದ ಬಂದವರೇ, "ಶಾಹಿದಾ, ನಿನ್ನ ಪಾಸ್‌ಪೋರ್ಟ್ ಕೊಡು, ಆಫೀಸಿನಾಗೆ ಝೆರಾಕ್ಸ್ ಕೇಳ್ಯಾರೆ," ಎಂದರು.

"ವಕೀಲರ ಹತ್ರ ಐತೆ," ಎಂದೆ.

"ಆಯಮ್ಮ ಅವತ್ತೇ ವಾಪಸ್ ಕೊಟ್ರಲ್ಲ?"

ಇವರು ಒಂದು ಬೂಟು ಬಿಚ್ಚಿದವರು ಇನ್ನೊಂದನ್ನು ಹಾಗೇ ಬಿಟ್ಟು ಕೂತರು. ಎಲ್ಲ ಹೇಳಿದೆ, ಪೆನ್ಸಿಲಿನ ಗುರುತಿನವರೆಗೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು.

"ನಂಗೆ ಹೇಳಾಕೂ ಹೆದರಿಕಿ ಆತಾ ನಿಂಗೆ?" ಎಂದು ಮೆಲ್ಲಗೆ ಕೇಳಿದರು.

ನಾನೇ ಹರಿಹರಕ್ಕೆ ಫೋನ್ ಮಾಡಿದೆ. ಚನ್ನಬಸಪ್ಪನವರು ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮ. ನಿಮ್ಮಪ್ಪ ಖಾಲಿ ಹಾಳಿಗೆ ಸಹಿ ಹಾಕಿದ್ದು ನಾನು ಒಳ್ಳೇನು ಅಂತ ಅಲ್ಲ. ನನ್ನ ಮನಿ ಅವ್ನ ಅಂಗಡಿ ಹಿಂದೇ ಇತ್ತು. ನನ್ನ ಹೆಂಡ್ತಿ ಬಾಣಂತನದ ಗಾದಿ ಅವನೇ ಹೊಲ್ದಿದ್ದ. ಮೋಸ ಮಾಡಿ ನಾನು ಎಲ್ಲಿಗೆ ಓಡಿ ಹೋಗ್ತಿದ್ದೆ? ಈ ಹುಡುಗನ ಮನಿ ಎಲ್ಲೈತೆ ನಿಂಗೆ ಗೊತ್ತಾ?"

"ಶಾಮನೂರು ಅಂತ ಹೇಳಿದ್ದ ರೀ."

"ಶಾಮನೂರಾಗೆ ಎಲ್ಲಿ? ಅವ್ರಪ್ಪನ ಹೆಸರೇನು?"

ಮಂಡಕ್ಕಿಯ ವಿಷಯ ಅಷ್ಟೊತ್ತು ಮಾತಾಡಿದವಳು ನಾನು ಅದನ್ನು ಕೇಳಿರಲಿಲ್ಲ.

"ಪಾಸ್‌ಪೋರ್ಟ್ ವಾಪಸ್ ಕೊಟ್ಟ ಆಯಮ್ಮ ಅದಾಳಲ್ಲ, ಅವಳ ಹತ್ರ ಹೋಗು," ಎಂದರು. "ನಾಳಿಗೇ ಹೋಗು."

ಮತ್ತೆ ಮೂರನೆಯ ಮಹಡಿ

ದೊತೊರಾ ನಗಲಿಲ್ಲ, ಬೈಯಲೂ ಇಲ್ಲ. ಎರಡೇ ಪ್ರಶ್ನೆ ಕೇಳಿದಳು. "ಎಷ್ಟು ಹಾಳೆ?" ಮತ್ತು "ಯಾರ ಕೈಗೆ ಕೊಟ್ಟಿರಿ?"

ಮೊದಲನೆಯದಕ್ಕೆ ನಾಲ್ಕು ಎಂದೆ. ಆಕೆ ಅವತ್ತೇ ಒಂದು ಕಾಗದ ಸಿದ್ಧ ಮಾಡಿ, ನನ್ನ ಹೆಸರಿನಲ್ಲಿ ಈ ಹಿಂದೆ ಯಾರಿಗಾದರೂ ಅಧಿಕಾರ ಕೊಟ್ಟಂತೆ ಬರೆದಿದ್ದರೆ ಅದೆಲ್ಲ ರದ್ದು ಎಂದು ಬರೆದಳು. ಪ್ರತಿ ಸಾಲನ್ನೂ ಇಂಗ್ಲಿಷಿನಲ್ಲಿ ಹೇಳಿ, ನನ್ನಿಂದ ತಿರುಗಿ ಹೇಳಿಸಿದಳು. ನಾನು ಮಕ್ಕಳಿಗೆ ಪದ್ಯ ಒಪ್ಪಿಸಲು ಹಚ್ಚುತ್ತಿದ್ದೆನಲ್ಲ, ಹಾಗೆ. ಎಲ್ಲೂ ತಪ್ಪದೆ ಹೇಳಿದ ಮೇಲೆಯೇ ಪೆನ್ನು ಕೊಟ್ಟಳು.

ಎರಡನೆಯದಕ್ಕೆ ಒಂದು ಅಂಗಡಿಯಲ್ಲಿ ಎಂದಷ್ಟೇ ಹೇಳಿದೆ. ಆಕೆ ಹೇಳಿದಳು, ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ತಾನು ಪತ್ರ ಬರೆಯಬೇಕು, ವಾರದೊಳಗೆ ಬರದಿದ್ದರೆ ಪೊಲೀಸರಿಗೆ ಕೊಡಬೇಕು, ಎರಡರಲ್ಲೂ ಹೆಸರು ಬೇಕು. ನನ್ನ ತಾರೀಖಿಗೆ ಇನ್ನು ಮೂರೂವರೆ ವಾರ ಉಳಿದಿತ್ತು. ಒಂದು ದಿನ ಸಮಯ ಕೇಳಿದೆ. ಇವರು ನನ್ನ ಮುಖ ನೋಡಿದರು. ಆ ಹುಡುಗ ನನ್ನನ್ನು ಅಕ್ಕ ಎಂದಿದ್ದ, ಅವನ ಹೆಸರು ಹೇಳಲು ಮನಸ್ಸು ಬರಲಿಲ್ಲ.

ಅಲ್ಲಿಂದ ಇಬ್ಬರೂ ಅಂಗಡಿಗೆ ಹೋದೆವು. ಸತೀಶ ಪರದೆಯ ಹಿಂದೆ ಇದ್ದ. ನಮ್ಮನ್ನು ನೋಡಿ ಎದ್ದು ನಿಂತ, ಇಸ್ತ್ರಿ ಅಂಗಿ ಇರಲಿಲ್ಲ. ಇವರು ಮಾತಿಗಿಂತ ಮುಂಚೆ ಮೇಜಿನ ಖಾನೆ ಎಳೆದರು. ಖಾಲಿ.

"ಇಲ್ಲಿಲ್ಲ ಅಣ್ಣ. ಬಾಸ್ ತಗೊಂಡು ಹೋಗ್ಯಾನೆ."

"ಯಾವ ಬಾಸು? ಲಾಯರ್ರಾ?"

ಸತೀಶ ಕುರ್ಚಿಯಲ್ಲಿ ಕುಸಿದು ಕೂತ. "ಲಾಯರ್ ಅಲ್ಲ ಅಣ್ಣ. ಯಾರೂ ಲಾಯರ್ ಅಲ್ಲ. ನಮ್ಮೋರು ಬಂದ್ರೆ ಕೂಡಿಸಿ ಮಾತಾಡ್ಸೋದು ನನ್ನ ಕೆಲ್ಸ. ಕಾಗ್ದ ಎಲ್ಲಾ ಅವನಿಗೆ ಹೋಗ್ತಾವೆ. ಅಕ್ಕಾ, ನಂದೂ ಪಾಸ್‌ಪೋರ್ಟ್ ಅವನತ್ರಾನೇ ಐತೆ. ಮೂರು ವರ್ಷ ಆತು. ತಂಗಿ ಮದ್ವಿ ಆತು, ಹೋಗಾಕಾಗ್ಲಿಲ್ಲ. ಊರಾಗೆ ಲಾಯರ್ ಆಗೀನಿ ಅಂತ ಹೇಳೀನಿ."

ನನಗೆ ಅವನ ಮೇಲೆ ಕುದಿಯುವಷ್ಟು ಸಿಟ್ಟಿತ್ತು. ಅದು ಎಲ್ಲಿ ಹೋಯಿತೋ. ಹನ್ನೊಂದು ದಿನದಲ್ಲಿ ನಾನು ಟೊಮೆಟೊ ಬಿಟ್ಟು ಓಡಿದವಳು, ಇವನು ಮೂರು ವರ್ಷ ಹೀಗೇ ಬದುಕಿದ್ದಾನೆ ಎಂದು ಲೆಕ್ಕ ಹಾಕಿದೆ. ದೊತೊರಾ ಹೇಳಿದ್ದನ್ನು ಹೇಳಿದೆ. ನಾಳೆ ಹತ್ತು ಗಂಟೆಗೆ ಅವಳ ಹತ್ತಿರ ಬಾ, ನಿನ್ನ ಪಾಸ್‌ಪೋರ್ಟನ್ನೂ ಕೇಳಿಸೋಣ ಎಂದೆ.

"ನನ್ನ ಹೆಸರು ಹೇಳಬ್ಯಾಡ್ರಿ ಅಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ. ಹೆಸರು ಬರೆದ್ರೆ ನನ್ನ ಹಿಡ್ದು ಕಳಿಸ್ತಾರೆ."

"ನೀನು ಬಂದ್ರೆ ನಿನ್ನ ಕಡೀನೂ ಮಾತಾಡ್ತಾರಪ್ಪ."

"ಕಾಗ್ದ ಇಲ್ದೋನ ಕಡೆ ಯಾರು ಮಾತಾಡ್ತಾರೆ?" ಎಂದ.

ಮರುದಿನ ಹತ್ತು ಗಂಟೆಗೆ ಮೂರನೆಯ ಮಹಡಿಯ ಕಿಟಕಿಯಿಂದ ಬೀದಿ ನೋಡುತ್ತ ನಿಂತೆ. ಹತ್ತೂವರೆ ಆಯಿತು. ಇವರು ನಿರ್ಧಾರ ನನಗೇ ಬಿಟ್ಟರು. ಅವನ ಹೆಸರು ಹೇಳಿದರೆ ಅವನು ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ನಾನು ವಾಪಸ್. ನನ್ನ ಗಂಡನ ಅಂಗಿಯ ಎಣ್ಣೆ ವಾಸನೆಯನ್ನೇ ನಾನು ಆರಿಸಿಕೊಂಡೆ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಹೆಸರು ಬರೆಸಿದೆ. ಸತೀಶ, ದಾವಣಗೆರೆಯ ಶಾಮನೂರು. ಅವನ ಪಾಸ್‌ಪೋರ್ಟನ್ನೂ ಅವನ ಬಾಸೇ ಇಟ್ಟುಕೊಂಡಿದ್ದಾನೆ, ಅದನ್ನೂ ವಾಪಸ್ ಕೊಡಬೇಕು ಎಂದು ಬರೆಯಿರಿ ಎಂದೆ. ದೊತೊರಾ ಕನ್ನಡಕ ಏರಿಸಿ ನನ್ನನ್ನು ಒಂದು ಕ್ಷಣ ನೋಡಿ, ಅದನ್ನೂ ಬರೆದಳು.

ಲಕೋಟೆ

ಎಂಟನೆಯ ದಿನ ದೊತೊರಾಳ ಕರೆ ಬಂತು. ಹೋದೆವು. ಮೇಜಿನ ಮೇಲೆ ಕಂದು ಲಕೋಟೆ, ಕಳಿಸಿದವರ ಹೆಸರಿರಲಿಲ್ಲ, ಪತ್ರಕ್ಕೆ ಹೆದರಿ ಆ ಬಾಸೇ ಕಳಿಸಿರಬೇಕು. ನನ್ನ ಪಾಸ್‌ಪೋರ್ಟ್ ನೋಡಿದೆ, ಎತ್ತಿಕೊಳ್ಳಲು ಕೈ ಬರಲಿಲ್ಲ, ಇವರೇ ಎತ್ತಿ ನನ್ನ ಮಡಿಲಲ್ಲಿಟ್ಟರು. ಜೊತೆಗೆ ನಾನು ಸಹಿ ಹಾಕಿದ ಹಾಳೆಗಳು, ಖಾಲಿಯಾಗಿಯೇ. ಮೂರು. ನಾಲ್ಕನೆಯದು ಇರಲಿಲ್ಲ. ಅದು ಎಲ್ಲಿದೆ, ಅದರ ಮೇಲೆ ಏನಿದೆ ಎಂದು ಇವತ್ತಿಗೂ ಗೊತ್ತಿಲ್ಲ. ರದ್ದು ಮಾಡಿಯಾಗಿದೆ, ಅದಕ್ಕೆ ಬೆಲೆಯಿಲ್ಲ ಎಂದು ದೊತೊರಾ ಹೇಳುತ್ತಾಳೆ. ಅಂಚೆಯವನು ಗಂಟೆ ಒತ್ತಿದರೆ ನಾನು ಈಗಲೂ ಮೊದಲು ಕಿಟಕಿಯಿಂದ ಇಣುಕುತ್ತೇನೆ.

ಕಾರ್ಡಿನ ಕಚೇರಿಗೆ ನನ್ನ ತಾರೀಖಿನಂದೇ ಹೋದೆ. ಅರ್ಜಿ ತೆಗೆದುಕೊಂಡರು. ಅಷ್ಟು ಹೆದರಿಸಿದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಆದರೆ ಅವತ್ತು ಆ ಲಕೋಟೆಯಲ್ಲಿ ಇನ್ನೊಂದು ಪಾಸ್‌ಪೋರ್ಟೂ ಇತ್ತು. ಸತೀಶನದು. ಫೋಟೋದಲ್ಲಿ ಅವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಕೊಡಿ, ನಾನೇ ಕೊಟ್ಟುಬರುತ್ತೇನೆ ಎಂದೆ.

"ಇಲ್ಲ," ಎಂದಳು ದೊತೊರಾ. "ಪಾಸ್‌ಪೋರ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಅವನೇ ಬರಬೇಕು, ಸಹಿ ಹಾಕಬೇಕು." ಅವನ ತಂದೆಯ ಹೆಸರು, ಮನೆಯ ವಿಳಾಸ ಇರುವ ಪುಟವನ್ನೂ ನನಗೆ ತೋರಿಸಲಿಲ್ಲ. ಅದು ಅವನದು ಎಂದಳು. ಮೊದಲ ಸಲ ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ.

ಅಲ್ಲಿಂದ ಅಂಗಡಿಯವರೆಗೆ ಇಳಿಜಾರಿನಲ್ಲಿ ಹೆಚ್ಚುಕಡಿಮೆ ಓಡಿದೆ. ಪರದೆ ತೆಗೆದಿದ್ದರು. ಮೇಜಿದ್ದ ಕಡೆ ಅಕ್ಕಿ ಚೀಲ ಪೇರಿಸಿದ್ದರು. ಅಂಗಡಿಯವರು ಉರ್ದುವಿನಲ್ಲಿ ಹೇಳಿದರು, ವಕೀಲರ ಪತ್ರ ಬಂದ ದಿನವೇ ಹುಡುಗ ಒಂದು ಬ್ಯಾಗು ಹಿಡಿದು ಹೊರಟುಹೋದ. ಪತ್ರದಲ್ಲಿ ತನ್ನ ಹೆಸರಿರುವುದನ್ನು ನೋಡಿದನಂತೆ. ಅದು ಪೋರ್ಚುಗೀಸಿನಲ್ಲಿತ್ತು, ಮಿಕ್ಕಿದ್ದು ಓದಲಿಲ್ಲ. ಪೊಲೀಸರು ಬರುತ್ತಾರೆ ಎಂದು ಬಾಡಿಗೆ ಕೋಣೆಗೂ ಹೋಗಲಿಲ್ಲವಂತೆ. ಅವನ ಫೋನಿಗೆ ಕಳಿಸಿದ ಮೆಸೇಜುಗಳಿಗೆಲ್ಲ ಒಂದೇ ಟಿಕ್ ಬೀಳುತ್ತಿದೆ, ಅವನಿಗೆ ತಲುಪುತ್ತಿಲ್ಲ.

ಆದ್ದರಿಂದ ಇದನ್ನು ಓದುತ್ತಿರುವ ನಮ್ಮ ಕಡೆಯವರಲ್ಲಿ ಕೇಳಿಕೊಳ್ಳುತ್ತೇನೆ. ಶಾಮನೂರಿನಲ್ಲಿ, ಒಂದು ವರ್ಷ ಲಾ ಓದಿ ಮೂರು ವರ್ಷದ ಹಿಂದೆ ಪೋರ್ಚುಗಲ್‌ಗೆ ಹೋದ, ತಂಗಿಯ ಮದುವೆಗೆ ಬರಲಾಗದ ಸತೀಶನ ಮನೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೋಗಿ ಹೇಳಿ. ಅವನನ್ನು ಯಾರೂ ಹಿಡಿಯಲು ಹುಡುಕುತ್ತಿಲ್ಲ. ಅವನ ಪಾಸ್‌ಪೋರ್ಟ್ ಲಿಸ್ಬನ್‌ನಲ್ಲಿ, ನಗು ಬಾರದ ಒಬ್ಬ ಹೆಂಗಸಿನ ಕಪಾಟಿನಲ್ಲಿ ಭದ್ರವಾಗಿದೆ. ಎಲ್ಲಿದ್ದರೂ ಬಂದು ಸಹಿ ಹಾಕಿ ತೆಗೆದುಕೊಳ್ಳಲಿ. ಆರು ತಿಂಗಳು ಇಟ್ಟುಕೊಳ್ಳುತ್ತೇನೆ, ಆಮೇಲೆ ಭಾರತದ ರಾಯಭಾರ ಕಚೇರಿಗೆ ಕಳಿಸುತ್ತೇನೆ ಎಂದಿದ್ದಾಳೆ. ಅದರಲ್ಲಿ ಎರಡು ತಿಂಗಳು ಆಗಲೇ ಮುಗಿದಿವೆ.